ಕೆರೆ ಮೋಟಾರಿನ ಕೇಬಲ್‌ಗೆ ಪಾಚಿ ಹಿಡಿದಿದೆ: ತೊಳೆಯೋದಾ, ಬದಲಾಯಿಸೋದಾ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ತೋಟ. ಕೆರೆಯಲ್ಲಿ ಡ್ರಮ್ ಕಟ್ಟಿದ ತೆಪ್ಪದ ಮೇಲೆ 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಕೂರಿಸಿದ್ದೇವೆ. ದಡದ ಶೆಡ್‌ನಿಂದ ಅದಕ್ಕೆ 60 ಮೀಟರ್ ಕಪ್ಪು ಕೇಬಲ್ ಹೋಗುತ್ತದೆ, 4 ಸ್ಕ್ವೇರ್ ಎಂಎಂ, ಮೂರು ಕೋರ್, ಐದಾರು ವರ್ಷ ಹಳೆಯದು. ಪಾಚಿ, ಕೆಸರು ಹತ್ತಿ ಹಸಿರಾಗಿಬಿಟ್ಟಿದೆ. ಕೆಲವು ಕಡೆ ಮುಟ್ಟಿದರೆ ಕೈಗೆ ಅಂಟುತ್ತದೆ. ಪೆಟ್ರೋಲ್‌ನಲ್ಲಿ ಒರೆಸಿದರೆ ಹೊಸದರ ಹಾಗಾಗುತ್ತೆ ಅಂತ ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಹೇಳುತ್ತಾರೆ. ಅಂಗಡಿಯವರು ಪೂರ್ತಿ ಬದಲಾಯಿಸಿ ಅನ್ನುತ್ತಾರೆ. ಅಂದಹಾಗೆ ದಡದ ಕಡೆಯ 16 ಆಂಪ್ ಪ್ಲಗ್‌ನಲ್ಲಿ ಒಂದು ಪಿನ್ ಸುತ್ತ ಸ್ವಲ್ಪ ಕಂದು ಬಣ್ಣ ಬಂದಿದೆ. ಕಾಫಿ ಹೂವಿಗೆ ನೀರು ಕೊಡುವ ಮೊದಲು ಏನು ಮಾಡಲಿ?

ಉತ್ತರ: ನೀವು ಕೊನೆಯಲ್ಲಿ "ಅಂದಹಾಗೆ" ಅಂತ ಸೇರಿಸಿದ ಮಾತೇ ಇಲ್ಲಿ ಮೊದಲನೇ ಮಾತು. ಪಾಚಿ ಇರಲಿ ಬಿಡಿ. ಆ ಕಂದು ಬಣ್ಣದ ಪಿನ್ ಇರುವ ಪ್ಲಗ್ಗನ್ನು ಇವತ್ತಿನಿಂದ ಬಳಸಬೇಡಿ. ಅದನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿ ಮತ್ತೆ ಸಿಕ್ಕಿಸುವುದೂ ಬೇಡ.

ಕೇಬಲ್ ಹೊರಗಡೆ ಎಷ್ಟೇ ಕೊಳಕಾಗಿದ್ದರೂ ಅದರೊಳಗೆ ಹರಿಯುವ ಕರೆಂಟಿಗೆ ಅದು ಗೊತ್ತೇ ಆಗುವುದಿಲ್ಲ. ಕೆಸರು, ಪಾಚಿ, ಕೋಳಿ ಹಿಕ್ಕೆ, ಹಲಸಿನ ಮೇಣ ಎಲ್ಲಾ ಮೇಲುಸಿಪ್ಪೆಯ ಮೇಲೆ ಕೂತಿರುತ್ತವೆ. ಅದರ ಒಳಗೆ ಪ್ರತಿ ಕೋರ್‌ಗೂ ಬೇರೆ ಇನ್ಸುಲೇಶನ್ ಇರುತ್ತದೆ. ಅದರೊಳಗೆ ತಾಮ್ರದ ಎಳೆಗಳು. ಹಾಗಾಗಿ ಹಸಿರಾಗಿದೆ ಅನ್ನುವ ಒಂದೇ ಕಾರಣಕ್ಕೆ 60 ಮೀಟರ್ ತಾಮ್ರದ ಕೇಬಲ್ ಎಸೆಯುವುದು ಸುಮ್ನೆ ದುಡ್ಡು ದಂಡ. ಅಂಗಡಿಯವರು ಹೇಳಿದ್ದರಲ್ಲಿ ನ್ಯಾಯವೂ ಇರಬಹುದು, ಆದರೆ ಕಾರಣ ಪಾಚಿ ಅಲ್ಲ.

ಕೇಬಲ್ ಕೆಡುವುದು ಸಾಮಾನ್ಯವಾಗಿ ಎರಡು ತುದಿಯಲ್ಲಿ. ಅದೂ ಪಿನ್ ಸಾಕೆಟ್‌ನೊಳಗೆ ಕೂರುವ ಜಾಗದಲ್ಲಿ, ಮತ್ತೆ ವೈರನ್ನು ಸ್ಕ್ರೂ ಹಿಡಿದಿರುವ ಜಾಗದಲ್ಲಿ. 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಲೋಡಿನಲ್ಲಿ ಹೆಚ್ಚೂಕಡಿಮೆ 15ರಿಂದ 18 ಆಂಪ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಆ ಕ್ಷಣದಲ್ಲಿ ಅದರ ಹಲವು ಪಟ್ಟು. ವೋಲ್ಟೇಜ್ ಕಡಿಮೆ ಇದ್ದರೆ ಇನ್ನೂ ಜಾಸ್ತಿ, ಮತ್ತು ನೀರು ಬಿಡುವ ಕಾಲದಲ್ಲಿ ಸುತ್ತಲಿನ ತೋಟದವರೆಲ್ಲ ಒಟ್ಟಿಗೆ ಮೋಟಾರು ಹಾಕಿದಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಪಿನ್ ಮತ್ತು ಸಾಕೆಟ್ ನಡುವೆ ತುಕ್ಕೋ ಸಡಿಲವೋ ಇದ್ದು ಬರೀ 0.1 ಓಮ್ ಅಡ್ಡಿ ಹುಟ್ಟಿಕೊಂಡಿತು ಅಂದುಕೊಳ್ಳಿ. 15 ಆಂಪ್‌ಗೆ ಅಲ್ಲಿ ಹುಟ್ಟುವ ಶಾಖ 22 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು ಬಿಸಿ, ನಿಮ್ಮ ಪ್ಲಾಸ್ಟಿಕ್ ಪ್ಲಗ್‌ನೊಳಗೆ, ಗಂಟೆಗಟ್ಟಲೆ. ಕಂದು ಬಣ್ಣ ಬರದೆ ಇನ್ನೇನು ಬರುತ್ತದೆ?

ಇದರಲ್ಲಿ ಕೆಟ್ಟ ವಿಷಯ ಏನೆಂದರೆ, ಈ ಬಿಸಿಯನ್ನು ನಿಮ್ಮ ಶೆಡ್‌ನಲ್ಲಿರುವ ಯಾವ ಸ್ವಿಚ್ಚೂ ಹಿಡಿಯುವುದಿಲ್ಲ. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿದರೆ. ಇಲ್ಲಿ ಕರೆಂಟ್ ಮಿತಿಯೊಳಗೇ ಇದೆ. ಆರ್‌ಸಿಸಿಬಿ ಬೀಳುವುದು ಕರೆಂಟ್ ಭೂಮಿಗೋ ನೀರಿಗೋ ಸೋರಿದರೆ. ಇಲ್ಲಿ ಸೋರಿಕೆಯೂ ಇಲ್ಲ. ಪ್ಲಗ್ ಸದ್ದಿಲ್ಲದೆ ಬೇಯುತ್ತಾ ಇರುತ್ತದೆ, ಪ್ಲಾಸ್ಟಿಕ್ ಕರಗಿ ಫೇಸೂ ನ್ಯೂಟ್ರಲ್ಲೂ ಒಂದಾಗುವ ದಿನದವರೆಗೆ.

ದೋಣಿಗಳನ್ನು ಧಕ್ಕೆಗೆ, ಅಂದರೆ ದೋಣಿ ನಿಲ್ಲಿಸುವ ಕಟ್ಟೆಗೆ, ಕಟ್ಟಿ ದಡದಿಂದ ಕರೆಂಟ್ ಎಳೆದುಕೊಳ್ಳುವ ಕಡೆಯಲ್ಲೂ ಇದೇ ಕತೆ. ಅಮೆರಿಕದ ಧಕ್ಕೆಗಳಲ್ಲಿ ಜಾಸ್ತಿ ಕಾಣಸಿಗುವುದು 120 ವೋಲ್ಟ್, 30 ಆಂಪ್‌ನ, ತಿರುಗಿಸಿ ಲಾಕ್ ಮಾಡುವ ಪ್ಲಗ್ಗು, ಹಳದಿ ಕೇಬಲ್ಲು. ಆ ಹಳದಿ ಬಣ್ಣ ಕೊಳೆಯಾಗಿ ಕಪ್ಪಾಯಿತು ಅಂತ ದೋಣಿ ಮಾಲೀಕರು ತಲೆ ಕೆಡಿಸಿಕೊಳ್ಳುತ್ತಾರೆ, ಬ್ರಶ್ ಹಿಡಿದು ಉಜ್ಜುತ್ತಾರೆ. ಸುಟ್ಟು ಹೋಗುವುದು ಮಾತ್ರ ದೋಣಿಯ ಕಡೆಯ ಪ್ಲಗ್. ನೀರಿನ ಪಸೆ, ಅಲುಗಾಟ, ಗಂಟೆಗಟ್ಟಲೆ ಲೋಡು, ಈ ಮೂರೂ ಅಲ್ಲೂ ಇವೆ, ನಿಮ್ಮ ಕೆರೆಯಲ್ಲೂ ಇವೆ.

ಸರಿ, ಈಗ ಕೆಲಸದ ವಿಚಾರ. ಮೊದಲು ತುದಿಗಳನ್ನು ನೋಡಿ, ತೊಳೆಯುವುದು ಆಮೇಲೆ. ತುದಿ ನೋಡಿದ ಮೇಲೆ ತೊಳೆಯುವ ಅಗತ್ಯವೇ ಇಲ್ಲ ಅಂತ ಗೊತ್ತಾಗಬಹುದು.

ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು ಕೈಯಲ್ಲಿಟ್ಟುಕೊಳ್ಳಿ. ಸ್ವಿಚ್ ಆಫ್ ಮಾತ್ರ ಸಾಲದು, ಯಾರೋ ಬಂದು ಹಾಕಿಬಿಡುತ್ತಾರೆ. ಪ್ಲಗ್ ಬಿಚ್ಚಿ. ಸ್ಕ್ರೂ ಸಡಿಲ ಮಾಡಿ ವೈರ್ ಹೊರತೆಗೆದು, ತುದಿಯಿಂದ ಒಂದು ಗೇಣಿನಷ್ಟು ಕತ್ತರಿಸಿ ಬಿಸಾಡಿ. ಇನ್ನೊಂದಿಷ್ಟು ಸಿಪ್ಪೆ ತೆಗೆದು ತಾಮ್ರವನ್ನು ಬೆಳಕಿನಲ್ಲಿ ನೋಡಿ. ಹೊಸ ತಾಮ್ರ ಸ್ವಲ್ಪ ಕೆಂಪು ಮಿಶ್ರಿತ ಗುಲಾಬಿ ಬಣ್ಣಕ್ಕಿರುತ್ತದೆ, ಹೊಳೆಯುತ್ತದೆ. ಎಳೆಗಳನ್ನು ಬೆರಳಲ್ಲಿ ಬಿಡಿಸಿದರೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಹಾಗಿದ್ದರೆ ನಿಮ್ಮ ಕೇಬಲ್ ಉಳಿಯಿತು ಅಂತಲೇ ಲೆಕ್ಕ. ಎಳೆ ಕಪ್ಪಾಗಿದ್ದರೆ, ಮಸಿಯ ಹಾಗೆ ಬೆರಳಿಗೆ ಹತ್ತಿದರೆ, ಅಥವಾ ಹಸಿರು ಪುಡಿ ಕಂಡರೆ ಇನ್ನೊಂದು ಅಡಿ ಕತ್ತರಿಸಿ ನೋಡಿ. ಅಲ್ಲೂ ಕಪ್ಪೇ? ಮತ್ತೊಂದು ಅಡಿ. ಮೂರು ನಾಲ್ಕು ಅಡಿ ಹೋದರೂ ಹೊಳೆಯುವ ತಾಮ್ರ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ. ನೀರು ಎಳೆಗಳ ಸಂದಿನಲ್ಲೇ ಒಳಕ್ಕೆ ಏರಿದೆ ಅಂತ ಅರ್ಥ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಸಣ್ಣ ಎಳೆಗಳ ಕೇಬಲ್ ನೀರನ್ನು ಎಷ್ಟೋ ದೂರ ಎಳೆದುಕೊಳ್ಳುತ್ತದೆ. ಅಂಥ ಕೇಬಲ್ಲಿಗೆ ಹೊಸ ಪ್ಲಗ್ ಹಾಕಿ ಪ್ರಯೋಜನವಿಲ್ಲ. ಕಪ್ಪಾದ ತಾಮ್ರಕ್ಕೆ ಸ್ಕ್ರೂ ಎಷ್ಟೇ ಬಿಗಿದರೂ ಕಚ್ಚುವುದಿಲ್ಲ, ಮತ್ತೆ ಬಿಸಿ, ಮತ್ತೆ ಕಂದು. ಬದಲಾಯಿಸಿ.

ಇದೇ ಪರೀಕ್ಷೆಯನ್ನು ತೆಪ್ಪದ ಕಡೆಯ ತುದಿಗೂ ಮಾಡಿ. ಜನ ಅದನ್ನು ಮರೆಯುತ್ತಾರೆ, ಯಾಕೆಂದರೆ ತೆಪ್ಪ ಎಳೆದು ತರುವುದೇ ಒಂದು ಕೆಲಸ. ಆದರೆ ಪಸೆ ಜಾಸ್ತಿ ಇರುವುದು ಅಲ್ಲೇ. ಮೋಟಾರಿನ ಟರ್ಮಿನಲ್ ಡಬ್ಬಿಗೆ ಕೇಬಲ್ ಹೋಗುವ ಕಡೆ ಗ್ಲ್ಯಾಂಡ್ (ಕೇಬಲ್ಲನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ಬಿರಡೆ) ಇದೆಯಾ, ಅಥವಾ ತೂತಿಗೆ ಹಳೇ ಬಟ್ಟೆ ತುರುಕಿದ್ದಾರಾ? ಗ್ಲ್ಯಾಂಡ್ ಇರಲೇಬೇಕು, ಮತ್ತು ಕೇಬಲ್ ಡಬ್ಬಿಗೆ ಕೆಳಗಿನಿಂದ ಬರಬೇಕು, ಒಂದು ಸುತ್ತು ಜೋತಾಡಿಕೊಂಡು. ಮೇಲಿನಿಂದ ಬಂದರೆ ಮಳೆನೀರು ಕೇಬಲ್ ಮೇಲೆ ಜಾರಿಕೊಂಡು ಸೀದಾ ಟರ್ಮಿನಲ್ಲಿಗೇ ಇಳಿಯುತ್ತದೆ.

ಇನ್ನು ಪಿನ್ ಉಜ್ಜುವ ವಿಚಾರ. ಪ್ಲಗ್‌ಗೆ ಬಿಸಿ ತಾಗಿಲ್ಲ, ಪಿನ್ ಮೇಲೆ ಬರೀ ತೆಳುವಾದ ಮಂಕು ಇದೆ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒರಟು ಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಮರಳು ಕಾಗದ ಹಾಕಿ ಉಜ್ಜಿದರೆ ಪಿನ್ ಮೇಲಿನ ನಿಕ್ಕಲ್ ಲೇಪ ಹೋಗಿ ಹಿತ್ತಾಳೆ ಹೊರಬರುತ್ತದೆ. ಅದು ಇನ್ನೂ ಬೇಗ ಕಪ್ಪಾಗುತ್ತದೆ. ಮತ್ತೆ ನಿಮ್ಮ ವಿಷಯದಲ್ಲಿ ಪ್ಲಾಸ್ಟಿಕ್ಕೇ ಬಣ್ಣ ಬದಲಿಸಿದೆ. ಅಂದರೆ ಪಿನ್ ಹಿಡಿದಿರುವ ಪ್ಲಾಸ್ಟಿಕ್ ಬೆಂದಿದೆ, ಪಿನ್ ಒಳಗಡೆ ಅಲುಗುತ್ತಿರುತ್ತದೆ. ಅದಕ್ಕಿಂತ ಮುಖ್ಯ, ಅದು ಕೂತಿದ್ದ ಸಾಕೆಟ್‌ನ ಒಳಗಿನ ಹಿಡಿಕೆಯೂ ಬಿಸಿಗೆ ಸ್ಪ್ರಿಂಗ್ ಗುಣ ಕಳೆದುಕೊಂಡಿರುತ್ತದೆ. ಹೊಸ ಪ್ಲಗ್ ಹಾಕಿ ಹಳೇ ಸಾಕೆಟ್ಟಿಗೇ ಸಿಕ್ಕಿಸಿದರೆ ಸ್ವಲ್ಪ ದಿನದಲ್ಲೇ ಹೊಸದೂ ಕಂದಾಗುತ್ತದೆ, ಆಮೇಲೆ "ಈಗಿನ ಮಾಲೇ ಸರಿ ಇಲ್ಲ" ಅಂತ ಅಂಗಡಿಯವರನ್ನು ಬೈಯುತ್ತೇವೆ. ಪ್ಲಗ್ ಮತ್ತು ಸಾಕೆಟ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು.

ಬದಲಾಯಿಸುವಾಗ ಮತ್ತೆ 16 ಆಂಪ್‌ನ ಮನೆ ಪ್ಲಗ್ ಬೇಡ. 16 ಆಂಪ್ ಅನ್ನುವುದು ಅದರ ಮಿತಿ, ನಿಮ್ಮ ಮೋಟಾರು ದಿನಾ ಆ ಮಿತಿಯ ಮೇಲೇ ನಿಂತಿದೆ. 32 ಆಂಪ್‌ನ ನೀಲಿ ಇಂಡಸ್ಟ್ರಿಯಲ್ ಪ್ಲಗ್ ಮತ್ತು ಸಾಕೆಟ್ ಕೇಳಿ. ನೀಲಿ ಅಂದರೆ ಸಿಂಗಲ್ ಫೇಸ್, ಕೆಂಪು ಅಂದರೆ ತ್ರೀ ಫೇಸ್. ಪಿನ್ ದಪ್ಪ ದುಂಡಗಿರುತ್ತದೆ, ಮುಚ್ಚಳ ಇರುತ್ತದೆ. ಐಪಿ44 ಅಂದರೆ ನೀರು ಎರಚಿದರೆ ತಡೆಯುತ್ತದೆ, ಐಪಿ67 ಅಂದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ಶೆಡ್‌ನೊಳಗೆ 44 ಸಾಕು. ತೆಪ್ಪದ ಮೇಲೂ ಪ್ಲಗ್ ಇಟ್ಟುಕೊಳ್ಳುತ್ತೇನೆ ಅಂದರೆ 67 ತೆಗೆದುಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಪ್ಲಗ್ಗೇ ಇಡಬೇಡಿ, ನೇರ ಮೋಟಾರಿನ ಡಬ್ಬಿಗೆ ಕೊಡಿ. ವೈರ್ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಕೊಡುವ ಅಭ್ಯಾಸ ನಮ್ಮ ಕಡೆ ಇದೆ. ಗಟ್ಟಿಯಾಗುತ್ತೆ ಅಂತ ಲೆಕ್ಕ. ಅದು ತಪ್ಪು. ಸೀಸ ಮೆತ್ತಗಿನ ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಜರುಗಿ ಸಡಿಲವಾಗುತ್ತದೆ. ವೈರ್ ತುದಿಗೆ ತಾಮ್ರದ ಲಗ್ಗು, ಅಂದರೆ ಸಣ್ಣ ತೊಡಪು, ಹಾಕಿ ಒತ್ತಿಸಿ. ಅರ್ತ್ ವೈರನ್ನು ಪ್ಲಗ್‌ನೊಳಗೆ ಉಳಿದೆರಡಕ್ಕಿಂತ ಒಂದಿಂಚು ಉದ್ದ ಬಿಡಿ, ಯಾರಾದರೂ ಕೇಬಲ್ ಎಳೆದು ಕಿತ್ತರೂ ಕೊನೆಗೆ ಕೀಳುವುದು ಅರ್ತ್ ಆಗಿರಲಿ.

ಅರ್ತ್ ಮಾತು ಬಂತಲ್ಲ, ಒಂದು ವಿಷಯ ನೋಡಿಕೊಳ್ಳಿ. ಮೂರು ಕೋರ್ ಇದೆ ಅಂದಮಾತ್ರಕ್ಕೆ ಅರ್ತ್ ಇದೆ ಅಂತ ಅಲ್ಲ. ಸಿಂಗಲ್ ಫೇಸ್ ಸಬ್‌ಮರ್ಸಿಬಲ್‌ಗಳಲ್ಲಿ ಕೆಪಾಸಿಟರ್ ದಡದ ಪ್ಯಾನಲ್‌ನಲ್ಲಿದ್ದರೆ ಮೂರನೇ ವೈರ್ ಸ್ಟಾರ್ಟಿಂಗ್ ವೈಂಡಿಂಗಿಗೆ ಹೋಗಿರುತ್ತದೆ. ನಿಮ್ಮದು ತೆಪ್ಪದ ಮೇಲಿನ ಮೋಟಾರು, ಕೆಪಾಸಿಟರ್ ಮೋಟಾರಿನ ಮೇಲೇ ಇದ್ದರೆ ಮೂರನೆಯದು ಅರ್ತ್ ಆಗಿರಬೇಕು. ಊಹೆ ಬೇಡ. ಪ್ಲಗ್ ಕಿತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿ ಅರ್ತ್ ಪಿನ್ನಿಗೆ, ಇನ್ನೊಂದು ಮೋಟಾರಿನ ಬಾಡಿಗೆ, ಬಣ್ಣ ಕೆರೆದ ಜಾಗದಲ್ಲಿ ಇಡಿ. ಇದಕ್ಕೆ ಉದ್ದದ ವೈರ್ ಬೇಕಾಗುತ್ತೆ, ಅಥವಾ ತೆಪ್ಪ ದಡಕ್ಕೆ ತಂದಾಗ ನೋಡಿ. ಉದ್ದದ ವೈರ್ ಬಳಸಿದ್ದರೆ ಅದರ ಓಮ್ ಕಳೆದು, 4 ಸ್ಕ್ವೇರ್ ಎಂಎಂ ತಾಮ್ರ 60 ಮೀಟರಿಗೆ 0.3 ಓಮ್ ಆಸುಪಾಸು ತೋರಿಸಬೇಕು. ಎರಡು ಮೂರು ಓಮ್ ತೋರಿಸಿದರೆ ಎಲ್ಲೋ ಕಚ್ಚಿಕೊಂಡಿಲ್ಲ. ಏನೂ ತೋರಿಸದಿದ್ದರೆ ಅರ್ತ್ ಇಲ್ಲ, ಆ ತೆಪ್ಪಕ್ಕೆ ಯಾರನ್ನೂ ಹತ್ತಿಸಬೇಡಿ. ಡ್ರಮ್ ಕಟ್ಟಿರುವ ಕಬ್ಬಿಣದ ಚೌಕಟ್ಟನ್ನೂ ಅದೇ ಅರ್ತ್‌ಗೆ ಸೇರಿಸಿರಬೇಕು.

ತುದಿಗಳು ಪಾಸಾದವು ಅನ್ನಿ. ಈಗ ತೊಳೆಯಿರಿ. ಪೆಟ್ರೋಲ್ ಮಾತ್ರ ಬೇಡ ಮಾರಾಯ್ರೇ. ಸೀಮೆಎಣ್ಣೆ, ಥಿನ್ನರ್, ಡೀಸೆಲ್ ಕೂಡ ಬೇಡ. ನಿಮ್ಮ ಕೇಬಲ್ ರಬ್ಬರಿನದಾದರೆ ಪೆಟ್ರೋಲಿಗೆ ಊದಿಕೊಂಡು ಮೆತ್ತಗಾಗುತ್ತದೆ. ಪಿವಿಸಿ ಆದರೆ ಅದಕ್ಕೆ ಬಳುಕುವ ಗುಣ ಕೊಟ್ಟಿರುವ ಎಣ್ಣೆಯಂಥ ಅಂಶವನ್ನೇ ಪೆಟ್ರೋಲ್ ಎಳೆದುಹಾಕುತ್ತದೆ. ನಿಮ್ಮ ರೈಟರ್ ಹೇಳಿದ ಹಾಗೆ ಅವತ್ತು ಹೊಸದರ ಹಾಗೆ ಹೊಳೆಯುವುದು ನಿಜ. ಒಂದು ಬೇಸಿಗೆ ಕಳೆದರೆ ಗಡುಸಾಗಿ ಬಾಗಿಸಿದಲ್ಲಿ ಬಿರುಕು ಬಿಡುತ್ತದೆ. ಪೆಟ್ರೋಲ್ ಒರೆಸಿದ ಬಟ್ಟೆಯನ್ನು ಶೆಡ್‌ನಲ್ಲಿ ಸ್ವಿಚ್ ಬೋರ್ಡ್ ಪಕ್ಕ ಬಿಟ್ಟು ಹೋಗುವವರ ಬಗ್ಗೆ ನಾನು ಬೇರೆ ಹೇಳುವುದಿಲ್ಲ.

ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಒಂದು ಬಕೆಟ್ ಉಗುರು ಬೆಚ್ಚಗಿನ ನೀರು, ಹಳೇ ಬಟ್ಟೆ, ಮೆತ್ತಗಿನ ಬ್ರಶ್ ಇಷ್ಟೇ ಸಾಕು. ಕಬ್ಬಿಣದ ನಾರು ಬೇಡ. ಎರಡೂ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ, ಎತ್ತರದಲ್ಲಿ ನೇತುಹಾಕಿ. ಯಾಕೆಂದರೆ ತೊಳೆಯುವಾಗ ತುದಿಯೊಳಗೆ ಒಂದು ಲೋಟ ನೀರು ಹೋದರೆ ಆಗಲೇ ಹೇಳಿದ ಬತ್ತಿ ಕೆಲಸ ಶುರು. ಕಾರು ತೊಳೆಯುವ ಪ್ರೆಶರ್ ಗನ್ ಕೂಡ ಅದೇ ಕಾರಣಕ್ಕೆ ಬೇಡ. ಒಬ್ಬರು ಕೇಬಲ್ ಎಳೆಯುತ್ತಾ ಹೋಗಲಿ, ಇನ್ನೊಬ್ಬರು ಸೋಪಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಕೇಬಲ್ಲನ್ನು ಅದರೊಳಗಿಂದ ಜಾರಿಸಲಿ. ಹೀಗೆ ಮಾಡುವುದರಲ್ಲಿ ಇನ್ನೊಂದು ಲಾಭ ಇದೆ, ನಿಜ ಹೇಳಬೇಕೆಂದರೆ ತೊಳೆಯಿರಿ ಅಂತ ನಾನು ಹೇಳುವುದೇ ಇದಕ್ಕೆ: 60 ಮೀಟರ್ ಪೂರ್ತಿ ಒಬ್ಬರ ಕೈಯಲ್ಲಿ ಹಾದುಹೋಗುತ್ತದೆ. ಎಲ್ಲಿ ಸಿಪ್ಪೆ ಹರಿದಿದೆ, ಎಲ್ಲಿ ಇಲಿ ಕಡಿದಿದೆ, ಎಲ್ಲಿ ಪಿಕಪ್ ಚಕ್ರ ಹತ್ತಿ ಚಪ್ಪಟೆಯಾಗಿದೆ, ಎಲ್ಲಿ ಒಳಗೆ ಗಂಟಿನ ಹಾಗೆ ಸಿಗುತ್ತದೆ, ಎಲ್ಲಾ ಕೈಗೆ ಗೊತ್ತಾಗುತ್ತದೆ. ಹಸಿರು ಪಾಚಿಯ ಕೆಳಗೆ ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ಸಿಕ್ಕಿದ ಕಡೆ ಬಣ್ಣದ ದಾರ ಕಟ್ಟಿಕೊಳ್ಳುತ್ತಾ ಹೋಗಿ.

ಹಲಸಿನ ಮೇಣ ಹತ್ತಿದ್ದರೆ ಅದರ ಜೊತೆ ಗುದ್ದಾಡಬೇಡಿ. ಅದರಿಂದ ಕೇಬಲ್ಲಿಗೆ ಏನೂ ಆಗುವುದಿಲ್ಲ.

ಇನ್ನು "ಕೈಗೆ ಅಂಟುತ್ತದೆ" ಅಂದಿರಲ್ಲ, ಅದು ಎರಡು ಥರ. ಪಾಚಿಯ ಲೋಳೆ ಆದರೆ ಸೋಪಿಗೆ ಹೋಗಿ ಒಣಗಿದ ಮೇಲೆ ಕೇಬಲ್ ಒರಟಾಗಿ, ಒಣಕಲಾಗಿ ಸಿಗುತ್ತದೆ. ತೊಳೆದು ನೆರಳಿನಲ್ಲಿ ಒಣಗಿಸಿ ಎರಡು ದಿನ ಬಿಟ್ಟು ಮುಟ್ಟಿ ನೋಡಿ. ಮತ್ತೆ ಅಂಟಿದರೆ, ಬೆರಳಿಗೆ ಕಪ್ಪು ಹತ್ತಿದರೆ ಅದು ಕೊಳೆ ಅಲ್ಲ, ಕೇಬಲ್ಲಿನ ಸಿಪ್ಪೆಯೇ ಕರಗುತ್ತಿದೆ. ಬಿಸಿಲು, ಎಣ್ಣೆ, ವಯಸ್ಸು ಮೂರೂ ಸೇರಿ ಹಾಗಾಗುತ್ತದೆ. ಅದನ್ನು ಯಾವ ಸೋಪೂ ಸರಿ ಮಾಡುವುದಿಲ್ಲ. ಇದರ ಉಲ್ಟಾ ಲಕ್ಷಣವೂ ಇದೆ: ಗಡುಸು. ಕೇಬಲ್ಲನ್ನು ಕೈಯಲ್ಲಿ ಲೋಟದ ಬಾಯಿಯಷ್ಟು ಅಗಲಕ್ಕೆ ಬಾಗಿಸಿ, ಬಾಗಿದ ಹೊರಮೈ ನೋಡಿ. ಕೂದಲೆಳೆಯಂಥ ಬಿರುಕುಗಳು ಕಂಡರೆ ಅದರ ಆಯಸ್ಸು ಮುಗಿಯಿತು.

ದಾರ ಕಟ್ಟಿದ ಜಾಗಗಳಲ್ಲಿ ಏನು ಮಾಡಬೇಕು? ಮೇಲುಸಿಪ್ಪೆ ಮಾತ್ರ ಗೀರಿದ್ದು, ಒಳಗಿನ ಬಣ್ಣದ ಕೋರ್ ಕಾಣದಿದ್ದರೆ, ಆ ಜಾಗ ದಡದ ಮೇಲೆ ಬರುವಂತಿದ್ದರೆ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಬಹುದು. ನೀರಿನಲ್ಲಿ ಬರುವ ಜಾಗವಾದರೆ ಹಾಕಿ ಮುಚ್ಚುವುದು ಬೇಡ. ಒಳಗಿನ ಕೋರ್ ಕಂಡರೆ ಆ ಜಾಗಕ್ಕೆ ಕತ್ತರಿ. ಮಾಮೂಲಿ ಕಪ್ಪು ಟೇಪು ಸುತ್ತಿದ ಜಾಯಿಂಟ್ ಅಂತೂ ನೀರಿನ ಹತ್ತಿರ ಸುಳಿಯಲೇಬಾರದು. ಅದರ ಅಂಟು ಒದ್ದೆಗೆ ಬಿಡುತ್ತದೆ, ಟೇಪಿನ ಪದರದೊಳಗೆ ನೀರು ನಿಂತು ಜಾಯಿಂಟ್ ಸದಾ ಒದ್ದೆಯಾಗಿರುತ್ತದೆ. ದಡದಿಂದ ತೆಪ್ಪದವರೆಗೆ ಒಂದೂ ಜಾಯಿಂಟ್ ಇಲ್ಲದ ಒಂದೇ ತುಂಡು ಇರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಯಾಕಿಷ್ಟು ಹಠ ಅಂದರೆ ಅದು ಸಿಹಿನೀರು. ಉಪ್ಪುನೀರಿಗಿಂತ ಕೆರೆನೀರು ಈ ವಿಷಯದಲ್ಲಿ ಹೆಚ್ಚು ಅಪಾಯ. ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟ್ ಹಾಯಿಸುತ್ತದೆ, ಸೋರಿದ ಕರೆಂಟ್ ಹೆಚ್ಚಾಗಿ ಮನುಷ್ಯನ ಸುತ್ತ ಹರಿದುಹೋಗುತ್ತದೆ. ಕೆರೆನೀರು ಹಾಗಲ್ಲ. ಅದಕ್ಕಿಂತ ನಮ್ಮ ಮೈಯೇ ಸಲೀಸು ದಾರಿ. ಹತ್ತು ಹದಿನೈದು ಮಿಲಿಆಂಪ್ ಸಾಕು, ಸ್ನಾಯು ಬಿಗಿದು ಈಜಲು ಆಗುವುದಿಲ್ಲ. ನೋಡುವವರಿಗೆ ಮುಳುಗಿದ ಹಾಗೆ ಕಾಣುತ್ತದೆ, ಕರೆಂಟ್ ಅಂತ ಹೊಳೆಯುವುದೂ ಇಲ್ಲ, ಕಾಪಾಡಲು ಹಾರಿದವರಿಗೂ ಅದೇ ಗತಿ. ನೀರಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡಿತು ಅಂತ ಮೋಟಾರು ಓಡುತ್ತಿರುವಾಗಲೇ ಹುಡುಗರು ನೀರಿಗೆ ಇಳಿಯುತ್ತಾರೆ. ಇಳಿಸಬೇಡಿ. ಪ್ಲಗ್ ಕಿತ್ತು ದಡದಲ್ಲಿ ಇಟ್ಟ ಮೇಲೆ ಮಾತ್ರ. ಮತ್ತೆ ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಪ್ಲಗ್ ಬದಲಾಯಿಸುವ ದಿನವೇ ಅದನ್ನೂ ಹಾಕಿಸಿ. 100 ಮಿಲಿಆಂಪ್‌ನದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಅದು ಬೆಂಕಿ ತಡೆಯಲು, ಮನುಷ್ಯರಿಗಲ್ಲ. "ಸುಮ್ಸುಮ್ನೆ ಬೀಳುತ್ತೆ" ಅಂತ ಆರ್‌ಸಿಸಿಬಿ ತೆಗೆದು ನೇರ ಕೊಟ್ಟಿರುವ ಶೆಡ್‌ಗಳು ನಮ್ಮ ಕಡೆ ಬೇಕಾದಷ್ಟಿವೆ. ಅದು ಸುಮ್ಸುಮ್ನೆ ಬೀಳುವುದು ಅಪರೂಪ. ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ.

ತೊಳೆದು, ಒಣಗಿಸಿ, ತುದಿ ಕತ್ತರಿಸಿ ಆದ ಮೇಲೂ ಕೇಬಲ್ ಒಳಗೆ ಹೇಗಿದೆ ಅಂತ ಹೇಳಬೇಕಾದದ್ದು ಮೆಗ್ಗರ್, ಅಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೀಟರ್. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ನೋಡುತ್ತದೆ, ಸಣ್ಣ ಬಿರುಕು ಅದಕ್ಕೆ ಸಿಗುವುದಿಲ್ಲ. ಹಾಸನದಲ್ಲೋ ಸಕಲೇಶಪುರದಲ್ಲೋ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ 500 ವೋಲ್ಟಿನ ಮೆಗ್ಗರ್ ಇರುತ್ತದೆ. ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ, ಮೋಟಾರು, ಕೆಪಾಸಿಟರ್ ಏನೂ ತಗುಲಿರಬಾರದು, ಸುರುಳಿ ಸುತ್ತಿ ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿ ಮುಳುಗಿಸಿ. ಎರಡು ತುದಿಗಳು ಮಾತ್ರ ನೀರಿನಿಂದ ಒಂದು ಮೊಳ ಮೇಲಿರಲಿ, ಒಂದಕ್ಕೊಂದು ತಾಗದ ಹಾಗೆ. ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೆಗ್ಗರಿನ ಒಂದು ತುದಿ ಡ್ರಮ್ಮಿನ ಬಣ್ಣ ಕೆರೆದ ಜಾಗಕ್ಕೆ, ಇನ್ನೊಂದು ಒಂದೊಂದೇ ಕೋರಿಗೆ. ಆಮೇಲೆ ಕೋರಿಂದ ಕೋರಿಗೆ. ಒಳ್ಳೆ ಕೇಬಲ್ ನೂರಾರು ಮೆಗಾಓಮ್ ತೋರಿಸುತ್ತದೆ, ಮುಳ್ಳು ಸ್ಕೇಲಿನ ಆ ತುದಿಗೇ ಹೋಗಿ ನಿಲ್ಲುತ್ತದೆ. ಒಂದು ಮೆಗಾಓಮ್‌ಗಿಂತ ಕೆಳಗೆ ಬಂದರೆ ಮಾತೇ ಇಲ್ಲ, ಗುಜರಿಗೆ. ಎರಡು, ಮೂರು, ಐದು ಬಂದರೆ? ಲೆಕ್ಕದಲ್ಲಿ ಪಾಸು. ಆದರೆ ಇಷ್ಟು ಚಿಕ್ಕ ಕೇಬಲ್ ಅಷ್ಟಕ್ಕೆ ಇಳಿದಿದೆ ಅಂದರೆ ಎಲ್ಲೋ ನೀರು ದಾರಿ ಮಾಡಿಕೊಂಡಿದೆ, ನಾನಾದರೆ ಅದನ್ನು ಕೆರೆಗೆ ಇಳಿಸುವುದಿಲ್ಲ.

ಹೊಸದೇ ತರಬೇಕು ಅಂತಾದರೆ ಅಳತೆ ಕಡಿಮೆ ಮಾಡಬೇಡಿ. 60 ಮೀಟರ್ ಹೋಗಿ 60 ಮೀಟರ್ ವಾಪಸ್, ಒಟ್ಟು 120 ಮೀಟರ್ ತಾಮ್ರ. 16 ಆಂಪ್‌ಗೆ 2.5 ಸ್ಕ್ವೇರ್ ಎಂಎಂ ಕೇಬಲ್ಲಿನಲ್ಲಿ 15 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. 4ರಲ್ಲಿ ಒಂಬತ್ತೂವರೆ, 6ರಲ್ಲಿ ಆರು ಚಿಲ್ಲರೆ. ಶೆಡ್‌ಗೇ 200 ಬರುತ್ತಿರುವಾಗ ಆ 15 ವೋಲ್ಟ್ ಚಿಕ್ಕ ಮಾತಲ್ಲ, ಅಲ್ವಾ? ನಿಮ್ಮ ಕಡೆ ವೋಲ್ಟೇಜ್ ಯಾವಾಗಲೂ ಕಡಿಮೆ ಅಂದರೆ 6ಕ್ಕೆ ಹೋಗಿ. ತಾಮ್ರವಾ ಅಂತ ಅಂಗಡಿಯಲ್ಲೇ ನೋಡಿ: ಒಂದು ಎಳೆ ಹೊರತೆಗೆದು ಬ್ಲೇಡಿನಿಂದ ಕೆರೆಯಿರಿ. ಕೆರೆದಷ್ಟೂ ಕೆಂಪೇ ಇದ್ದರೆ ತಾಮ್ರ. ಮೇಲೆ ಕೆಂಪು, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಮಾಲು. ಮೇಲೆ ಬಿಳಿ, ಒಳಗೆ ಕೆಂಪಿದ್ದರೆ ಅದು ತವರ ಲೇಪಿಸಿದ ತಾಮ್ರ, ನೀರಿನ ಕೆಲಸಕ್ಕೆ ಒಳ್ಳೆಯದು, ಬೆಲೆ ಜಾಸ್ತಿ. ಕೇಬಲ್ ಮೇಲೆ ಐಎಸ್‌ಐ ಗುರುತು, ಅಳತೆ, ಕಂಪನಿ ಹೆಸರು ಉದ್ದಕ್ಕೂ ಅಚ್ಚಾಗಿರಬೇಕು.

ಹಾಕುವಾಗ ಒಂದೆರಡು ಮಾತು. ತೆಪ್ಪವನ್ನು ಹಗ್ಗ ಹಿಡಿದಿರಬೇಕು, ಕೇಬಲ್ ಅಲ್ಲ. ಮಾರ್ಚ್ ಹೊತ್ತಿಗೆ ಕೆರೆ ಇಳಿದು ತೆಪ್ಪ ದೂರ ಸರಿದಾಗ ಕೇಬಲ್ ಬಿಗಿಯಾಗಿ ಗ್ಲ್ಯಾಂಡಿನಿಂದ ಕಿತ್ತು ಬರುವುದು ಹೀಗೆಯೇ. ಪೈಪಿನ ಜೊತೆ ಕಟ್ಟುವಾಗ ಕಟ್ಟುಕಂಬಿ ಬೇಡ, ಅದು ಸಿಪ್ಪೆಯನ್ನು ಕೊರೆಯುತ್ತದೆ. ಹಳೇ ಟ್ಯೂಬಿನ ಪಟ್ಟಿ ಕಟ್ಟಿ. ಉಳಿದ ಕೇಬಲ್ಲನ್ನು ಶೆಡ್‌ನಲ್ಲಿ ಬಿಗಿ ಸುರುಳಿ ಮಾಡಿ ಮೋಟಾರು ಓಡಿಸಬೇಡಿ. ಸುರುಳಿಯ ನಡುವಿನ ಬಿಸಿಗೆ ಹೊರಬರಲು ದಾರಿ ಇರುವುದಿಲ್ಲ. ಹೊಸ ಪ್ಲಗ್ ಹಾಕಿದ ದಿನ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಕಿತ್ತು, ಕೂಡಲೇ ಪಿನ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಸ್ಕ್ರೂ ಮತ್ತೆ ಬಿಗಿಯಬೇಕು. ಶೆಡ್ ಬೋರ್ಡಿನ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನಿಮ್ಮ ಪತ್ರ ಓದಿ ನನಗೆ ಅನ್ನಿಸುವುದು ಹೀಗೆ: ಪ್ಲಗ್ ಮತ್ತು ಸಾಕೆಟ್ ಖಂಡಿತ ಬದಲಾಗಬೇಕು, ಕೇಬಲ್ ಬಹುಶಃ ಒಂದೆರಡು ಅಡಿ ಕಡಿಮೆಯಾಗಿ ಉಳಿಯುತ್ತದೆ. ಇದನ್ನು ಜನವರಿಯಲ್ಲೇ ಮುಗಿಸಿಕೊಳ್ಳಿ. ರೊಬಸ್ಟಾಗೆ ನೀರು ಶುರುಮಾಡಿ ಅರ್ಧ ತೋಟ ಮುಗಿದಾಗ ಪ್ಲಗ್ ಸುಟ್ಟರೆ, ಉಳಿದರ್ಧ ಹೂವು ಅಂಗಡಿ ತೆಗೆಯುವವರೆಗೆ ಕಾಯುವುದಿಲ್ಲ. ಕೇಬಲ್ ಫೇಲಾಗಿ ಹೊಸದು ತಂದರೂ ಹಳೆಯದನ್ನು ಪೂರ್ತಿ ಗುಜರಿಗೆ ಕೊಡಬೇಡಿ, ಮೆಗ್ಗರಿನಲ್ಲಿ ಪಾಸಾಗುವ ತುಂಡು ಇದ್ದರೆ ಕತ್ತರಿಸಿ ಇಟ್ಟುಕೊಳ್ಳಿ. ಕಣದಲ್ಲಿ ದೀಪಕ್ಕೆ, ಶೆಡ್‌ನಲ್ಲಿ ಡ್ರಿಲ್ಲಿಂಗ್ ಮೆಶಿನ್ನಿಗೆ ಆಗುತ್ತದೆ. ಅದರ ಎರಡೂ ತುದಿಗೆ ಕೆಂಪು ಬಣ್ಣ ಬಳಿದಿಡಿ, ಮುಂದಿನ ವರ್ಷ ಯಾರಾದರೂ ಚೆನ್ನಾಗಿದೆ ಅಂತ ಎತ್ತಿಕೊಂಡು ಹೋಗಿ ತೆಪ್ಪಕ್ಕೆ ಹಾಕದ ಹಾಗೆ.